ಪ್ರಚಾರ ಮುಗಿದ ಮೇಲೆ ಪೋಸ್ಟರ್‌ಗೆ ಬೆಲೆ ಎಷ್ಟು?

ಪ್ರಶ್ನೆ: ಮೇಡಂ, 2008ರಲ್ಲಿ ನಾನು ಅಮೆರಿಕದಲ್ಲಿ ಓದುತ್ತಿದ್ದೆ. ಒಬಾಮ ಅವರ ಸಭೆಯೊಂದರಲ್ಲಿ ಕೆಂಪು-ನೀಲಿ ಬಣ್ಣದ ‘ಹೋಪ್’ ಪೋಸ್ಟರ್ ಸಿಕ್ಕಿತ್ತು. ಜೋಪಾನವಾಗಿ ಸುತ್ತಿ ಊರಿಗೆ ತಂದೆ. ಈಗ ಇಬೇಯಲ್ಲಿ ನೋಡಿದರೆ ಅದಕ್ಕೆ ಸಾವಿರಾರು ಡಾಲರ್ ಹೇಳುತ್ತಿದ್ದಾರೆ. ನನ್ನದಕ್ಕೂ ಅಷ್ಟು ಬರುತ್ತಾ? ಬಂದರೆ ಮಗಳ ಕಾಲೇಜು ಫೀಸಿಗೆ ಆಗುತ್ತದೆ.
— ಓದುಗರು, ಮೈಸೂರು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇಬೇಯಲ್ಲಿ ‘ಮಾರಾಟವಾದವು’ ಅನ್ನುವ ಫಿಲ್ಟರ್ ಹಾಕಿ ನೋಡಿ. ಹೇಳುವ ಬೆಲೆ ಯಾರು ಬೇಕಾದರೂ ಹೇಳಬಹುದು. ಯಾರೋ ನಿಜವಾಗಿ ದುಡ್ಡು ಕೊಟ್ಟು ಕೊಂಡ ಬೆಲೆಯೇ ನಮಗೆ ಲೆಕ್ಕ.

ಆಮೇಲೆ, ನಿಮ್ಮ ಕೈಯಲ್ಲಿರುವುದು ಯಾವ ‘ಹೋಪ್’ ಅಂತ ತಿಳಿಯಬೇಕು. ಲಾಸ್ ಏಂಜಲೀಸ್‌ನ ಬೀದಿ ಕಲಾವಿದ ಶೆಪರ್ಡ್ ಫೇರಿ 2008ರ ಜನವರಿಯಲ್ಲಿ ಈ ಚಿತ್ರ ಮಾಡಿದಾಗ ಕೆಳಗಿದ್ದ ಪದ ‘ಪ್ರೋಗ್ರೆಸ್’. ಸ್ಕ್ರೀನ್ ಪ್ರಿಂಟ್‌ನಲ್ಲಿ 700 ಪ್ರತಿ ತೆಗೆದರು, ಅಂದರೆ ಬಲೆಯಂಥ ಬಟ್ಟೆಯ ಮೂಲಕ ಒಂದೊಂದೇ ಬಣ್ಣ ಒತ್ತಿ ಅಚ್ಚು ಹಾಕಿದರು. 350 ಮಾರಿದರು, ಉಳಿದ 350 ಗೋಡೆಗೆ ಅಂಟಿಸಲು ಹೋದವು. ಮಾರಿದ ದುಡ್ಡಿನಿಂದ ಇನ್ನಷ್ಟು ಪೋಸ್ಟರ್ ಅಚ್ಚಾಯಿತು. ‘ಹೋಪ್’ ಬಂದದ್ದು ಆಮೇಲೆ. ಅದು ಲಕ್ಷಗಟ್ಟಲೆ ಅಚ್ಚಾಗಿ ಊರೂರಿಗೆ ಹೋಯಿತು. ಸಭೆಯಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದೆಂದರೆ ನಿಮ್ಮದು ಹೆಚ್ಚುಕಮ್ಮಿ ಆ ರಾಶಿಯಲ್ಲಿ ಒಂದು, ಯಂತ್ರದಲ್ಲಿ ರಾಶಿಗಟ್ಟಲೆ ತೆಗೆಯುವ ಆಫ್‌ಸೆಟ್ ಮುದ್ರಣದ್ದು.

ಆದರೂ ಪರೀಕ್ಷಿಸದೆ ಬಿಡಬೇಡಿ. ನಾನು ಸ್ಕ್ರೀನ್ ಪ್ರಿಂಟ್ ಅಂಗಡಿಯಲ್ಲಿ ಕೆಲಸ ಕಲಿತವಳು. ಯಾವುದೇ ಪ್ರಿಂಟ್ ಕೈಗೆ ಬಂದರೂ ಚಿತ್ರಕ್ಕಿಂತ ಮೊದಲು ಅಂಚು ನೋಡುತ್ತೇನೆ. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್ ಸಹಿ ಇದೆಯಾ? 123/350 ಥರದ ಅಂಕಿ ಇದೆಯಾ? ಅಂದರೆ ಒಟ್ಟು 350ರಲ್ಲಿ ಇದು 123ನೆಯದು. ಆಮೇಲೆ ಭೂತಗನ್ನಡಿ ಹಿಡಿಯಿರಿ. ಬಣ್ಣಬಣ್ಣದ ಪುಟ್ಟ ಚುಕ್ಕಿಗಳು ಹೂವಿನ ಹಾಗೆ ಜೋಡಿಸಿಕೊಂಡಿದ್ದರೆ ಅದು ಆಫ್‌ಸೆಟ್. ಆದರೆ ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಅದು ಸ್ಕ್ರೀನ್ ಪ್ರಿಂಟ್ ಅಂತಲ್ಲ. ಕೆಲವು ಆಫ್‌ಸೆಟ್ ಪೋಸ್ಟರ್‌ಗಳಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಶಾಯಿಯನ್ನೇ ಕಲಸಿ ಹಾಕುತ್ತಾರೆ. ಹಾಗಾಗಿ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಮ್ಮ ಹಳೇ ಮದುವೆ ಪತ್ರಿಕೆಗಳಲ್ಲಿ ಅಕ್ಷರ ಉಬ್ಬಿರುತ್ತಿತ್ತಲ್ಲ, ಸ್ಕ್ರೀನ್ ಪ್ರಿಂಟ್‌ನಲ್ಲಿ ಶಾಯಿ ಹಾಗೆ ಕಾಗದದ ಮೇಲೆ ಪದರವಾಗಿ ಕೂತಿರುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹತ್ತಿದ ಕಡೆ ಸಣ್ಣ ಏಣು ಕಾಣುತ್ತದೆ. ಬೆರಳಾಡಿಸಿ ನೋಡಬೇಡಿ, ಕಣ್ಣೇ ಸಾಕು. ಇನ್ನು ಒಬಾಮ ಮುಖದ ಮೇಲಿನ ಅಡ್ಡ ಗೆರೆಗಳು ಚಿತ್ರದ ಭಾಗವೇ. ಎರಡೂ ಮುದ್ರಣದಲ್ಲಿ ಇರುತ್ತವೆ.

ಆಫ್‌ಸೆಟ್ ಅಂತಾದರೆ ಆಫ್‌ಸೆಟ್ ಅಂತಲೇ ಬರೆದು ಮಾರಿ. ‘ಅಪರೂಪದ್ದು’, ‘ಒರಿಜಿನಲ್’ ಅಂತ ಸೇರಿಸಬೇಡಿ. ನಿಮ್ಮದರಲ್ಲಿ ಹೇಳಿಕೊಳ್ಳಲು ನಿಜವಾದ ಸಂಗತಿಯೇ ಇದೆ. ಯಾವ ಊರಿನ ಸಭೆ, ಯಾವ ತಿಂಗಳು, ಕೈಗೆ ಹೇಗೆ ಬಂತು ಅಂತ ಬರೆದಿಡಿ. ಆ ದಿನದ ಫೋಟೊ, ಪಾಸ್ ಇದ್ದರೆ ಜೊತೆಗಿಡಿ. ಫೀಸಿನ ಲೆಕ್ಕ ಬೇರೆ ಕಡೆಯಿಂದ ಹೊಂದಿಸಿಕೊಳ್ಳಿ ಅಂತ ಹೇಳಲು ಬೇಸರವಾಗುತ್ತದೆ, ಆದರೆ ಹೇಳಲೇಬೇಕು. ನನ್ನನ್ನು ಕೇಳಿದರೆ, ಮಗಳಿಗೆ ಅದನ್ನೇ ಕೊಡಿ. ಆ ಸಭೆಯಲ್ಲಿ ನಿಂತಿದ್ದವರ ಮನೆಯಲ್ಲಿ ಅದು ಇರುವುದು ನನಗೆ ಇಷ್ಟ.

ಮಳೆಗಾಲದಲ್ಲಿ ಸುರುಳಿಯಲ್ಲೇ ಬಿಡಬೇಡಿ. ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇಲ್ಲಿನ ಅಭ್ಯರ್ಥಿಯೊಬ್ಬರ ಅಧಿಕೃತ ವೆಬ್‌ಸೈಟ್‌ನಲ್ಲಿ ಲಿಮಿಟೆಡ್ ಎಡಿಷನ್ ಪ್ರಿಂಟ್ ಇದೆ. ಕೊಳ್ಳಬಹುದಾ? ಅವರು ಸೋತರೆ ದುಡ್ಡು ಹೋದಂತೆಯೇ ಅಲ್ವಾ?
— ಓದುಗರು, ನ್ಯೂಜೆರ್ಸಿ

ಉತ್ತರ: ಅಭ್ಯರ್ಥಿಯ ಅಂಗಡಿಯಿಂದ ಕೊಳ್ಳಬೇಡಿ. ಅಲ್ಲಿ ನೀವು ಕೊಡುವ ಪೂರ್ತಿ ದುಡ್ಡು ಚುನಾವಣಾ ದೇಣಿಗೆ ಅಂತ ಲೆಕ್ಕವಾಗುತ್ತದೆ. ಟೀ ಶರ್ಟ್ ಕೊಂಡರೂ ಅಷ್ಟೇ. ಅಮೆರಿಕದ ಕಾನೂನಿನಲ್ಲಿ ವಿದೇಶಿಯರು ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ವೀಸಾದಲ್ಲಿರುವವರು ಕೊಡುವಂತಿಲ್ಲ. ಸ್ನೇಹಿತರ ಹೆಸರಲ್ಲಿ ತರಿಸಿ ಅವರಿಗೆ ದುಡ್ಡು ಕೊಡುವುದೂ ಬೇಡ. ಬೇರೆಯವರ ಹೆಸರಲ್ಲಿ ದೇಣಿಗೆ ಕೊಡುವುದೇ ಅಪರಾಧ. 2008ರಲ್ಲಿ ಒಬಾಮ ಪ್ರಚಾರ ತಂಡವೇ ಫೇರಿಯವರ ‘ಚೇಂಜ್’, ಸ್ಕಾಟ್ ಹ್ಯಾನ್ಸನ್ ಅವರ ‘ಪ್ರೋಗ್ರೆಸ್’ ಪ್ರಿಂಟ್‌ಗಳನ್ನು ತನ್ನ ಅಂಗಡಿಯಲ್ಲಿ ಮಾರಿತ್ತು. ಆಗಲೂ ಇದೇ ನಿಯಮ. ಚುನಾವಣೆ ಮುಗಿಯಲಿ, ಆಮೇಲೆ ಸಂಗ್ರಹಕಾರರ ಕೈಯಿಂದ ಕೊಳ್ಳಿ. ಆ ದುಡ್ಡು ಅಭ್ಯರ್ಥಿಗೆ ಹೋಗುವುದಿಲ್ಲ.

ಸೋತರೆ ಬೆಲೆ ಹೋಗುತ್ತೆ ಅನ್ನುವ ಮಾತಿಗೆ ಉತ್ತರವಾಗಿ ಒಂದು ಪ್ರಿಂಟ್ ತೋರಿಸುತ್ತೇನೆ. 1972ರ ಚುನಾವಣೆಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಎದುರು ನಿಂತವರು ಜಾರ್ಜ್ ಮೆಕ್‌ಗವರ್ನ್. ಅವರ ಪ್ರಚಾರಕ್ಕೆ ದುಡ್ಡು ಕೂಡಿಸಲು ಹೆಸರಾಂತ ಕಲಾವಿದ ಆಂಡಿ ವಾರ್ಹೋಲ್ ಒಂದು ಸ್ಕ್ರೀನ್ ಪ್ರಿಂಟ್ ಮಾಡಿದರು. ಲಾಸ್ ಏಂಜಲೀಸ್‌ನ ಜೆಮಿನಿ ಜಿ.ಇ.ಎಲ್. ಅಚ್ಚುಮನೆ 250 ಪ್ರತಿ ತೆಗೆಯಿತು. ಅದರಲ್ಲಿ ಮೆಕ್‌ಗವರ್ನ್ ಮುಖವೇ ಇಲ್ಲ. ಇರುವುದು ನಿಕ್ಸನ್! ಹಸಿರು ಮುಖ, ಕಿತ್ತಳೆ ಹಿನ್ನೆಲೆ. ಕೆಳಗೆ ಕೈಬರಹದ ಥರ ‘ವೋಟ್ ಮೆಕ್‌ಗವರ್ನ್’. ಎದುರಾಳಿಯ ಮುಖವನ್ನೇ ತೋರಿಸಿ ಮತ ಕೇಳಿದ ಆ ಧೈರ್ಯ ನನಗೆ ಇವತ್ತಿಗೂ ಮೆಚ್ಚುಗೆ. ಮೆಕ್‌ಗವರ್ನ್ ಗೆದ್ದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. 49 ರಾಜ್ಯ ಕೈತಪ್ಪಿತು. ಆ ಪ್ರಿಂಟ್ ಮಾತ್ರ ಈಗ ಮ್ಯೂಸಿಯಂಗಳಲ್ಲಿದೆ. ಹರಾಜಿಗೆ ಬಂದರೆ ಜನ ಮುಗಿಬೀಳುತ್ತಾರೆ. ಮಾಡಿದವರು ಯಾರು, ಎಷ್ಟು ಪ್ರತಿ, ಚಿತ್ರ ಎಷ್ಟು ಗಟ್ಟಿ ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ಗೆದ್ದವರ ಸಾಧಾರಣ ಪೋಸ್ಟರ್ ಐದು ಸಾವಿರ ಮನೆಯಲ್ಲಿದ್ದರೆ ಅದನ್ನು ಕೊಳ್ಳುವವರು ಯಾರು?

ಮುಂದೆ ಅಲ್ಲೇ ಮಾರುವುದಾದರೆ, ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಸಂಗ್ರಹ ವಸ್ತುವಿನ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆ ಶೇ 28ರವರೆಗೆ ಹೋಗಬಹುದು. ಷೇರಿನ ಲಾಭದ ಮೇಲಿನ ತೆರಿಗೆ ದರ ಅದಕ್ಕೆ ಅನ್ವಯಿಸುವುದಿಲ್ಲ. ಕೊಂಡ ರಸೀದಿ ಎತ್ತಿಡಿ.

ಪ್ರಶ್ನೆ: ‘ಹೋಪ್’ ಪೋಸ್ಟರ್ ಸ್ಕ್ಯಾನ್ ಮಾಡಿ, ಚೆನ್ನಾಗಿರೋ ಕಾಗದದಲ್ಲಿ ಪ್ರಿಂಟ್ ತೆಗೆದು ಮಾರಬಹುದಾ?
— ಓದುಗರು, ಬೆಂಗಳೂರು

ಉತ್ತರ: ಬೇಡ. ನಿಮ್ಮಲ್ಲಿರುವ ಪ್ರತಿಯನ್ನು ಮಾರಬಹುದು, ಅದರ ನಕಲು ತೆಗೆದು ಮಾರುವ ಹಕ್ಕು ನಿಮಗಿಲ್ಲ. ಈ ಚಿತ್ರದ ಮೇಲೇ ದೊಡ್ಡ ಜಗಳವಾಗಿದೆ. ಚಿತ್ರಕ್ಕೆ ಆಧಾರವಾದದ್ದು ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ಗಾಗಿ ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದ ಫೋಟೊ. ಆ ಫೋಟೊ ಬಳಸಿದ್ದರ ಬಗ್ಗೆ ಫೇರಿ ಮತ್ತು ಆ ಸಂಸ್ಥೆಯ ನಡುವೆ ನಡೆದ ಮೊಕದ್ದಮೆ 2011ರಲ್ಲಿ ರಾಜಿಯಾಯಿತು. ಮೊಕದ್ದಮೆಯಲ್ಲಿ ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದಕ್ಕೆ ಫೇರಿಯವರಿಗೆ 2012ರಲ್ಲಿ 25,000 ಡಾಲರ್ ದಂಡವೂ ಬಿತ್ತು.

ಪ್ರಶ್ನೆ: ನಾನು ಚಿತ್ರಕಲೆ ವಿದ್ಯಾರ್ಥಿ. ನಮ್ಮ ಕ್ಷೇತ್ರದ ಅಭ್ಯರ್ಥಿಗಾಗಿ 100 ಪ್ರತಿಯ ಸ್ಕ್ರೀನ್ ಪ್ರಿಂಟ್ ಮಾಡುವ ಆಸೆ. ಹೇಗೆ ಶುರು ಮಾಡಲಿ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಮ್ಮಲ್ಲಿ ಫ್ಲೆಕ್ಸ್ ಬಂದ ಮೇಲೆ ಕೈಯಿಂದ ಮಾಡಿದ ಪ್ರಚಾರ ಚಿತ್ರ ಕಾಣುವುದೇ ಕಷ್ಟವಾಗಿದೆ. ಆದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಓದಿಕೊಂಡೇ ಸ್ಕ್ರೀನ್ ಕಟ್ಟಿ. ಚುನಾವಣಾ ಪೋಸ್ಟರ್‌ನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ತಾವು ಯಾರು ಅಂತ ಸಹಿ ಮಾಡಿ, ಪರಿಚಯದ ಇಬ್ಬರಿಂದ ದೃಢೀಕರಿಸಿ, ಘೋಷಣೆಯ ಎರಡು ಪ್ರತಿ ಮುದ್ರಕರಿಗೆ ಕೊಡಬೇಕು. ಮುದ್ರಕರು ಅದರ ಒಂದು ಪ್ರತಿಯನ್ನು ಪೋಸ್ಟರ್ ಜೊತೆ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಭ್ಯರ್ಥಿಯ ಒಪ್ಪಿಗೆಯನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಖರ್ಚು ಅವರ ಚುನಾವಣಾ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ.

ಹೆಸರು, ವಿಳಾಸವನ್ನು ಅಂಚಿನ ಕೆಳಗೆ ಸಣ್ಣದಾಗಿ, ಚಿತ್ರದ ಜೊತೆಗೇ ಅಚ್ಚು ಮಾಡಿ. ಆಮೇಲೆ ರಬ್ಬರ್ ಸ್ಟಾಂಪ್ ಒತ್ತಿದರೆ ಪ್ರಿಂಟ್ ಕೆಡುತ್ತದೆ. 100 ಅಂದ ಮೇಲೆ 100ಕ್ಕೇ ನಿಲ್ಲಿಸಿ, ಸ್ಕ್ರೀನ್ ತೊಳೆದುಬಿಡಿ. ಎಣಿಕೆಯ ಹೊರಗೆ ನಿಮಗಾಗಿ ‘ಕಲಾವಿದರ ಪ್ರತಿ’ ಅಂತ ಕೆಲವನ್ನು ತೆಗೆದರೆ ಅವಕ್ಕೆ ಬೇರೆ ಗುರುತು ಹಾಕಿ, ಎಷ್ಟು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಯಾವ ಅಂಕಿಯ ಪ್ರತಿ ಯಾರ ಮನೆಗೆ ಹೋಯಿತು ಅನ್ನುವುದೂ ಅದರಲ್ಲೇ ಇರಲಿ.