ಹೃದಯದ ಸುತ್ತ ನೀರು: ಸೂಜಿ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿದೆ. ಕಳೆದ ತಿಂಗಳು ಉಸಿರಾಡಲು ಕಷ್ಟವಾದಾಗ ಹೃದಯದ ಸುತ್ತ ನೀರು ತುಂಬಿದೆ ಎಂದು ಸೂಜಿ ಚುಚ್ಚಿ 600 ಮಿಲಿ ಲೀಟರ್ ತೆಗೆದರು. ಈಗ ಮತ್ತೆ ತುಂಬಿದೆ. ಈ ಸಲ ಶಸ್ತ್ರಚಿಕಿತ್ಸೆ ಮಾಡಿ ‘ಕಿಟಕಿ’ ಇಡುತ್ತೇವೆ ಎನ್ನುತ್ತಿದ್ದಾರೆ. ಹೃದಯಕ್ಕೇ ತೂತು ಮಾಡುತ್ತಾರೆಯೇ? ಇನ್ನೊಮ್ಮೆ ಸೂಜಿಯಲ್ಲೇ ತೆಗೆಯಬಾರದೇ?

ಉತ್ತರ: ಹೃದಯಕ್ಕೆ ತೂತು ಮಾಡುವುದಿಲ್ಲ. ಕತ್ತರಿ ತಾಗುವುದು ಹೃದಯವನ್ನು ಸುತ್ತಿರುವ ಪೆರಿಕಾರ್ಡಿಯಂ ಎಂಬ ಚೀಲಕ್ಕೆ ಮಾತ್ರ. ಎದೆಮೂಳೆಯನ್ನು ಸೀಳುವುದಿಲ್ಲ, ಹೃದಯವನ್ನು ನಿಲ್ಲಿಸುವುದಿಲ್ಲ, ಹೃದಯ-ಶ್ವಾಸಕೋಶ ಯಂತ್ರವೂ ಬೇಡ. ಮನೆಯವರ ಮನಸ್ಸಿನಲ್ಲಿರುವ ‘ಓಪನ್ ಹಾರ್ಟ್ ಸರ್ಜರಿ’ ಇದಲ್ಲ.

ಈ ಚೀಲದಲ್ಲಿ ಆರೋಗ್ಯವಂತರಿಗೂ 15ರಿಂದ 50 ಮಿಲಿ ಲೀಟರ್‌ನಷ್ಟು ದ್ರವ ಇರುತ್ತದೆ. ಚೀಲದ ಹೊರಪದರ ಗಡುಸು, ಸುಲಭವಾಗಿ ಹಿಗ್ಗುವಂಥದ್ದಲ್ಲ. ಆದ್ದರಿಂದ ಎಷ್ಟು ತುಂಬಿತು ಎನ್ನುವುದಕ್ಕಿಂತ ಎಷ್ಟು ಬೇಗ ತುಂಬಿತು ಎನ್ನುವುದು ಮುಖ್ಯ. ಗಾಯವಾಗಿ ರಕ್ತ ಸೋರಿದರೆ 150–200 ಮಿಲಿ ಲೀಟರ್ ಕೂಡ ಪ್ರಾಣಕ್ಕೆ ಕುತ್ತು ತರಬಹುದು. ವಾರಗಟ್ಟಲೆ ನಿಧಾನವಾಗಿ ತುಂಬಿದರೆ ಚೀಲ ಹಿಗ್ಗುತ್ತಾ ಹೋಗಿ ಒಂದು ಲೀಟರ್ ದಾಟಿದರೂ ರೋಗಿ ನಡೆದಾಡಿಕೊಂಡಿರುತ್ತಾರೆ. ಆದರೆ ಹಿಗ್ಗುವ ಮಿತಿ ಮುಗಿದ ಮೇಲೆ ಸ್ವಲ್ಪವೇ ನೀರು ಹೆಚ್ಚಿದರೂ ಒತ್ತಡ ಏಕಾಏಕಿ ಏರುತ್ತದೆ. ಆಗ ಹೃದಯದ ಬಲಭಾಗದ ತೆಳುವಾದ ಗೋಡೆಗಳು ಒಳಕ್ಕೆ ಕುಸಿಯುತ್ತವೆ, ರಕ್ತ ಒಳಗೆ ಬರಲು ಜಾಗವೇ ಇರುವುದಿಲ್ಲ. ಒಳಗೆ ಬಾರದ ರಕ್ತವನ್ನು ಹೃದಯ ಹೊರಕ್ಕೆ ತಳ್ಳುವುದಾದರೂ ಹೇಗೆ? ವೈದ್ಯರು ಟ್ಯಾಂಪೊನೇಡ್ ಎನ್ನುವುದು ಈ ಸ್ಥಿತಿಗೆ.

ಸೂಜಿಯ ವಿಷಯಕ್ಕೆ ಬರೋಣ. ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ನೋಡಿಕೊಂಡು ಸೂಜಿ ಹಾಕಿ, ಸಣ್ಣ ಕೊಳವೆಯನ್ನು ಕೆಲವು ದಿನ ಒಳಗೇ ಬಿಡುವುದು ಹೆಚ್ಚಿನವರಿಗೆ ಮೊದಲ ಚಿಕಿತ್ಸೆ, ಅದು ಸರಿಯಾದದ್ದೇ. ಆದರೆ ಕ್ಯಾನ್ಸರ್‌ನಿಂದ ಬರುವ ನೀರು ಮರಳಿ ತುಂಬುವುದು ತೀರಾ ಸಾಮಾನ್ಯ, ನಿಮ್ಮ ತಾಯಿಗೆ ಆಗಿರುವುದೂ ಅದೇ ಇರಬಹುದು. ಪ್ರತಿ ಸಲವೂ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿ ಚುಚ್ಚಿಸಿಕೊಳ್ಳುವುದಕ್ಕಿಂತ, ತಡೆದುಕೊಳ್ಳುವ ಶಕ್ತಿ ಇರುವಾಗಲೇ ಒಂದು ಶಾಶ್ವತ ದಾರಿ ಮಾಡಿಕೊಡುವುದು ಮೇಲು. ನೀರು ಕೀವಾಗಿದ್ದರೆ, ಒಳಗೆ ಗೋಡೆಗಳೆದ್ದು ಕೋಣೆ ಕೋಣೆಯಾಗಿ ಕಟ್ಟಿಕೊಂಡಿದ್ದರೆ, ರಕ್ತ ಹೆಪ್ಪುಗಟ್ಟಿ ಹೃದಯದ ಹಿಂಬದಿಯಲ್ಲಿ ಕೂತಿದ್ದರೆ ಸೂಜಿಯಿಂದ ಪ್ರಯೋಜನ ಕಡಿಮೆ. ಚೂರಿ ಇರಿತ ಅಥವಾ ಮಹಾಪಧಮನಿಯ ಗೋಡೆ ಸೀಳಿ ರಕ್ತ ಸೋರಿದಾಗಲೂ ಶಸ್ತ್ರಚಿಕಿತ್ಸೆಯೇ ದಾರಿ, ಏಕೆಂದರೆ ಅಲ್ಲಿ ಸೋರುವ ಜಾಗವನ್ನೇ ಮುಚ್ಚಬೇಕು.

ಶಸ್ತ್ರಚಿಕಿತ್ಸೆ ಹೀಗೆ ನಡೆಯುತ್ತದೆ. ಎದೆಮೂಳೆಯ ಕೆಳತುದಿಯಿಂದ ಹೊಟ್ಟೆಯ ಕಡೆಗೆ ಸುಮಾರು ಐದಾರು ಸೆಂಟಿಮೀಟರ್ ಉದ್ದ ಕೊಯ್ಯುತ್ತೇವೆ. ತುದಿಯ ಮೃದು ಎಲುಬನ್ನು ಮೇಲಕ್ಕೆತ್ತುತ್ತೇವೆ, ಕೆಲವೊಮ್ಮೆ ತೆಗೆದೇ ಬಿಡುತ್ತೇವೆ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಕೆಳಕ್ಕೆ ಒತ್ತಿದರೆ ಬಿಗಿದು ಉಬ್ಬಿದ ಚೀಲ ಕಾಣುತ್ತದೆ. ಅದನ್ನು ಚಿಮುಟದಲ್ಲಿ ಹಿಡಿದು ಸಣ್ಣದಾಗಿ ಕತ್ತರಿಸಿದ ಕೂಡಲೇ ನೀರು ಒತ್ತಡದಿಂದ ಚಿಮ್ಮುತ್ತದೆ. ಅದೇ ಹೊತ್ತಿಗೆ ಮಾನಿಟರ್‌ನಲ್ಲಿ ರಕ್ತದೊತ್ತಡದ ಅಂಕಿ ಏರತೊಡಗುತ್ತದೆ. ಇಷ್ಟು ಬೇಗ ಫಲ ತೋರುವ ಶಸ್ತ್ರಚಿಕಿತ್ಸೆಗಳು ಕಡಿಮೆ. ಉಳಿದ ನೀರನ್ನು ನಿಧಾನವಾಗಿ ಹೀರಿ ತೆಗೆದು, ಬೆರಳು ತೂರಿಸಿ ಒಳಗಿನ ಅಂಟುಗಳನ್ನು ಬಿಡಿಸಿ, ಚೀಲದ ಒಂದು ತುಂಡನ್ನು ಕತ್ತರಿಸಿ ತೆಗೆಯುತ್ತೇವೆ. ‘ಕಿಟಕಿ’ ಎನ್ನುವುದು ಇದಕ್ಕೇ. ಕೊಳವೆ ಇಟ್ಟು ಹೊಲಿಗೆ ಹಾಕುತ್ತೇವೆ. ದಿನಕ್ಕೆ ಬರುವ ನೀರು ತೀರಾ ಕಡಿಮೆಯಾದ ಮೇಲೆ ಕೊಳವೆ ತೆಗೆಯುತ್ತಾರೆ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ. ಅಷ್ಟರಲ್ಲಿ ಚೀಲದ ಎರಡು ಪದರಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ, ನೀರು ನಿಲ್ಲಲು ಎಡೆ ಇಲ್ಲವಾಗುತ್ತದೆ. ಪಕ್ಕೆಲುಬುಗಳ ನಡುವೆ ಕ್ಯಾಮೆರಾ ತೂರಿಸಿ, ಎದೆಗೂಡಿನೊಳಕ್ಕೆ ನೀರು ಹರಿಯುವಂತೆ ಚೀಲದಲ್ಲಿ ಇನ್ನೂ ದೊಡ್ಡ ದಾರಿ ಮಾಡುವ ವಿಧಾನವೂ ಇದೆ. ಅದಕ್ಕೆ ಸಂಪೂರ್ಣ ಅರಿವಳಿಕೆ ಬೇಕು, ಸಾಮಾನ್ಯವಾಗಿ ಒಂದು ಶ್ವಾಸಕೋಶವನ್ನು ಸ್ವಲ್ಪ ಹೊತ್ತು ತಗ್ಗಿಸಿ ಇಡಬೇಕು. ರಕ್ತದೊತ್ತಡ ಕುಸಿದಿರುವವರಿಗೆ ಅದು ತಕ್ಕುದಲ್ಲ.

ಚೀಲದ ಒಂದು ಭಾಗ ಹೋಯಿತೆಂದು ಹೃದಯದ ಕೆಲಸಕ್ಕೆ ಕೊರತೆಯಾಗುವುದಿಲ್ಲ. ಹುಟ್ಟಿನಿಂದಲೇ ಈ ಚೀಲ ಪೂರ್ತಿ ಇಲ್ಲದ ಕೆಲವರು ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ.

ನಿಮ್ಮ ವೈದ್ಯರನ್ನು ಒಂದು ವಿಷಯ ಕೇಳಲೇಬೇಕು: ಮೊದಲ ಸಲ ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣಗಳಿದ್ದವೇ? ಕ್ಯಾನ್ಸರ್ ಬಂದವರಲ್ಲಿ ತುಂಬುವ ನೀರೆಲ್ಲ ಕ್ಯಾನ್ಸರ್‌ನದೇ ಆಗಿರುವುದಿಲ್ಲ. ಎದೆಗೆ ಕೊಟ್ಟ ವಿಕಿರಣದಿಂದಲೂ ಸೋಂಕಿನಿಂದಲೂ ಬರಬಹುದು. ಚೀಲದ ತುಂಡನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ, ನೀರಿನ ಪರೀಕ್ಷೆಯಲ್ಲಿ ಸಿಗದ ಕಾರಣ ಕೆಲವೊಮ್ಮೆ ಸಿಗುತ್ತದೆ. ಮುಂದಿನ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಇನ್ನೊಂದು ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಕಾಯಿಲೆ ದೇಹದ ತುಂಬ ಹರಡಿ ತಾಯಿ ಬಹಳ ಬಳಲಿದ್ದರೆ, ಶಸ್ತ್ರಚಿಕಿತ್ಸೆಯ ಬದಲು ಕೊಳವೆ ಇಟ್ಟು ಉಸಿರಾಟ ಹಗುರ ಮಾಡುವುದೇ ಅವರಿಗೆ ಹೆಚ್ಚು ನೆಮ್ಮದಿ ಕೊಡಬಹುದು. ಆ ಮಾತುಕತೆಯಲ್ಲಿ ಅವರೂ ಇರಲಿ.

ಪ್ರಶ್ನೆ: ನನ್ನ ಅಣ್ಣನಿಗೆ ಇದೇ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಕೊಯ್ಯುವ ಜಾಗ ಮಾತ್ರ ಮರಗಟ್ಟಿಸುತ್ತೇವೆ ಎಂದಿದ್ದಾರೆ. ನೋವಾಗುವುದಿಲ್ಲವೇ?

ಉತ್ತರ: ಕೊಯ್ಯುವ ಜಾಗಕ್ಕೆ ಸಾಕಷ್ಟು ಔಷಧಿ ಕೊಟ್ಟಿರುತ್ತಾರೆ. ಎಳೆದಂತೆ, ಒತ್ತಿದಂತೆ ಅನಿಸಬಹುದು. ಪೂರ್ತಿ ಪ್ರಜ್ಞೆ ತಪ್ಪಿಸದಿರುವುದಕ್ಕೆ ಬಲವಾದ ಕಾರಣವಿದೆ. ಹೃದಯ ಒತ್ತಿಹೋಗಿರುವಾಗ ರಕ್ತನಾಳಗಳನ್ನು ಬಿಗಿ ಮಾಡಿ, ಬಡಿತ ಹೆಚ್ಚಿಸಿ ದೇಹ ಹೇಗೋ ರಕ್ತದೊತ್ತಡ ಕಾಯ್ದುಕೊಂಡಿರುತ್ತದೆ. ಸಂಪೂರ್ಣ ಅರಿವಳಿಕೆಯ ಔಷಧಿಗಳು ಆ ಬಿಗಿಯನ್ನು ಸಡಿಲಿಸಿಬಿಡುತ್ತವೆ. ಮೇಲಿಂದ ಕೃತಕ ಉಸಿರಾಟ ಕೊಟ್ಟಾಗ ಎದೆಯೊಳಗಿನ ಒತ್ತಡ ಹೆಚ್ಚಿ, ಹೃದಯಕ್ಕೆ ಮರಳುವ ಅಷ್ಟಿಷ್ಟು ರಕ್ತವೂ ಕಡಿಮೆಯಾಗುತ್ತದೆ. ಆ ಗಳಿಗೆಯಲ್ಲಿ ಹೃದಯ ನಿಂತುಬಿಡುವ ಅಪಾಯವಿದೆ. ಹೀಗಾಗಿ ಸಂಪೂರ್ಣ ಅರಿವಳಿಕೆ ಅನಿವಾರ್ಯವಾದರೆ ಎದೆಗೆ ಸೋಂಕುನಾಶಕ ಹಚ್ಚಿ, ಬಟ್ಟೆ ಹಾಸಿ, ಶಸ್ತ್ರಚಿಕಿತ್ಸಕ ಕೈಯಲ್ಲಿ ಚಾಕು ಹಿಡಿದು ಸಿದ್ಧನಾದ ಮೇಲೆಯೇ ಅರಿವಳಿಕೆ ತಜ್ಞರು ಔಷಧಿ ಕೊಡುತ್ತಾರೆ. ತೀರಾ ಕುಸಿದ ರೋಗಿಗೆ ಮೊದಲು ಸೂಜಿಯಿಂದ ಸ್ವಲ್ಪ ನೀರು ತೆಗೆದು ಒತ್ತಡ ಇಳಿಸುವುದೂ ಉಂಟು. ನಿಮ್ಮ ಅಣ್ಣನ ವೈದ್ಯರು ಸರಿಯಾಗಿಯೇ ಯೋಚಿಸಿದ್ದಾರೆ.

ಪ್ರಶ್ನೆ: ಬೇರೆ ಕಾರಣಕ್ಕೆ ಎಕೋ ಮಾಡಿಸಿದಾಗ ಹೃದಯದ ಸುತ್ತ ಸ್ವಲ್ಪ ನೀರಿದೆ ಎಂದು ಗೊತ್ತಾಯಿತು. ನನಗೆ ಯಾವ ತೊಂದರೆಯೂ ಇಲ್ಲ. ತೆಗೆಸದೆ ಬಿಟ್ಟರೆ ಅಪಾಯವೇ?

ಉತ್ತರ: ಸ್ವಲ್ಪವೇ ಇದ್ದು, ಹೃದಯದ ಮೇಲೆ ಒತ್ತಡದ ಗುರುತು ಎಕೋದಲ್ಲಿ ಕಾಣದಿದ್ದರೆ ತೆಗೆಯುವ ಅಗತ್ಯವಿಲ್ಲ. ಕಾರಣ ಹುಡುಕಬೇಕು: ಥೈರಾಯ್ಡ್ ಕೊರತೆ, ಮೂತ್ರಪಿಂಡದ ವೈಫಲ್ಯ, ಕ್ಷಯ, ವೈರಸ್ ಸೋಂಕು, ಲೂಪಸ್‌ನಂಥ ಕಾಯಿಲೆ. ಥೈರಾಯ್ಡ್‌ನದಾದರೆ ಮಾತ್ರೆಯಿಂದಲೇ ನೀರು ನಿಧಾನವಾಗಿ ಇಳಿಯುತ್ತದೆ. ಕ್ಷಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ನೀರು ಒಣಗಿದ ಮೇಲೂ ಚೀಲ ದಪ್ಪಗಾಗಿ ಹೃದಯವನ್ನು ಬಿಗಿದು ಹಿಡಿಯಬಹುದು. ಆಗ ಚೀಲವನ್ನೇ ಸುಲಿದು ತೆಗೆಯಬೇಕಾಗುತ್ತದೆ, ಅದು ನಿಜಕ್ಕೂ ದೊಡ್ಡ ಶಸ್ತ್ರಚಿಕಿತ್ಸೆ.

ವೈದ್ಯರು ಹೇಳಿದ ಸಮಯಕ್ಕೆ ಎಕೋ ಮತ್ತೆ ಮಾಡಿಸಿ. ಮಲಗಿದರೆ ಉಸಿರು ಕಟ್ಟುವುದು, ಕುತ್ತಿಗೆಯ ರಕ್ತನಾಳಗಳು ಉಬ್ಬುವುದು, ಕಣ್ಣು ಕತ್ತಲೆ ಬರುವುದು, ಕೈಕಾಲು ತಣ್ಣಗಾಗುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, ಹಳೆಯ ಎಕೋ ವರದಿ ತೋರಿಸಿ. ನೀರು ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ. ಅದು ರಕ್ತನಾಳಗಳಲ್ಲಿನ ದ್ರವವನ್ನು ಕಡಿಮೆ ಮಾಡುತ್ತದೆ, ಹೃದಯ ಒತ್ತಿಹೋಗಿರುವ ಹೊತ್ತಿನಲ್ಲಿ ಬೇಕಾಗುವುದು ಅದಕ್ಕೆ ತದ್ವಿರುದ್ಧ.