ಬಾಗಿಲು ತೆರೆದಿದೆ, ಸರಿ. ಕೀಲಿ ಯಾರ ಹತ್ತಿರ?

ರಾಣೆಬೆನ್ನೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಹೋದ ತಿಂಗಳು ಹುಬ್ಬಳ್ಳಿಯ ಒಂದು ಸಣ್ಣ ಕ್ರೈಸ್ತ ಸಭೆಯ ಬಗ್ಗೆ ಬರೆದಿದ್ದೆವಲ್ಲ, ಅದು ಅವರಿಗೆ ಹಿಡಿಸಿಲ್ಲ. ಆ ಸಭೆಯವರು ಭಾನುವಾರ ಆರಾಧನೆ ಮುಗಿದ ಮೇಲೆ ಅಲ್ಲೇ ಟೇಬಲ್ ಹಾಕಿ ಪೌರಕಾರ್ಮಿಕರ ಪಿಎಫ್ ಅರ್ಜಿ, ಮಂಗಳಮುಖಿಯರ ಗುರುತಿನ ಚೀಟಿಯ ಅರ್ಜಿ ಬರೆದುಕೊಡುತ್ತಾರೆ. ಆ ಮಂಗಳಮುಖಿಯರಲ್ಲಿ ಒಬ್ಬರು ಆರಾಧನೆಯಲ್ಲಿ ಬೈಬಲ್ ಪಾಠ ಓದುತ್ತಾರೆ. ಓದುಗರು ಕೇಳಿರೋದು ಇಷ್ಟು: "ದೇವಾಲಯ ಇರೋದು ಪ್ರಾರ್ಥನೆಗೆ, ಅರ್ಜಿ-ಧರಣಿಗಲ್ಲ. ನಮ್ಮ ಸಭೆಗೆ ಯಾರು ಬಂದರೂ ಬೇಡ ಅನ್ನಲ್ಲ. ನಮ್ಮಲ್ಲಿ ಜಾತಿ ಇಲ್ಲ. ಇನ್ನೇನು ಬೇಕು? ಅಷ್ಟಕ್ಕೂ ಕ್ರೈಸ್ತರಲ್ಲದ ನಿಮಗೆ ಯಾಕೆ ಈ ಉಸಾಬರಿ?"

ಪ್ರಾರ್ಥನೆಯ ಮಾತು ಒಪ್ಪಿದೆ. ವಾರವಿಡೀ ದುಡಿದು ಬಂದವರಿಗೆ ಒಂದು ತಾಸು ಶಾಂತಿ ಬೇಕು, ಅಲ್ಲೂ ಭಾಷಣ ಕೇಳಬೇಕು ಅಂದರೆ ಕಷ್ಟ.

ಇನ್ನು ನನಗೆ ಯಾಕೆ ಅನ್ನೋದು. ಹೌದು, ನಮ್ಮದು ಲಿಂಗಾಯತರ ಮನೆ. ಅಪ್ಪನಿಗೆ ನೂರಾರು ವಚನ ಬಾಯಿಪಾಠ. ಅದೇ ಮನೆಯ ಹಿತ್ತಲ ಕಿಟಕಿಯಲ್ಲಿ ಒಂದು ಅಲ್ಯುಮಿನಿಯಂ ಲೋಟ ಬೋರಲು ಇರುತ್ತಿತ್ತು, ಅಂಚು ಒಂದು ಕಡೆ ನೆಗ್ಗಿದ್ದು. ಸಂಡಾಸು ತೊಳೆಯಲು ಬರುತ್ತಿದ್ದ ಮುದುಕಿ ಅದನ್ನ ತಾನೇ ತೊಳೆದು ಹಿಡಿಯುತ್ತಿದ್ದಳು. ಅವ್ವ ಮೇಲಿಂದ ಚಹಾ ಸುರಿಯುತ್ತಿದ್ದಳು, ಪಾತ್ರೆ ಲೋಟಕ್ಕೆ ತಾಗದ ಹಾಗೆ. ಒಂದು ಹನಿ ಚೆಲ್ಲುತ್ತಿರಲಿಲ್ಲ, ಅಷ್ಟು ರೂಢಿ! ಒಳಗೆ ಅಪ್ಪನ ವಚನ ನಡೆದೇ ಇರುತ್ತಿತ್ತು. ನಾನು ಕಾಲೇಜು ಮುಗಿಸುವವರೆಗೂ ಆ ಲೋಟ ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಾವೂ 'ನಮ್ಮಲ್ಲಿ ಜಾತಿ ಇಲ್ಲ' ಅಂತಲೇ ಹೇಳಿಕೊಂಡು ಬಂದವರು. ಅದಕ್ಕೇ ಆ ಮಾತು ಯಾರ ಬಾಯಲ್ಲಿ ಬಂದರೂ ನನಗೆ ಮೊದಲು ನೆನಪಾಗೋದು ಲೋಟ.

ನಿಮ್ಮ ಗ್ರಂಥವನ್ನ ನಿಮಗೆ ಹೇಳೋದು ಅಧಿಕಪ್ರಸಂಗ, ಗೊತ್ತು. ಆದರೂ ಬೈಬಲ್ಲಿನ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಒಮ್ಮೆ ತೆಗೆದು ನೋಡಿ. ಸಭೆಗೆ ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆ ಜಾಗ ತೋರಿಸುತ್ತಾರೆ. ಕೊಳೆ ಬಟ್ಟೆಯ ಬಡವನಿಗೆ ಅಲ್ಲೇ ನಿಂತ್ಕೋ, ಇಲ್ಲ ಕಾಲ ಹತ್ತಿರ ಕೂತ್ಕೋ ಅನ್ನುತ್ತಾರೆ. ಅವನನ್ನ ಯಾರೂ ಹೊರಗೆ ಹಾಕಿಲ್ಲ ನೋಡಿ. ಒಳಗೇ ಇದ್ದಾನೆ. ಯಾಕೋಬ ಸಿಟ್ಟಾಗಿರೋದೂ ಆ 'ಒಳಗೆ' ನಡೆದದ್ದಕ್ಕೇ.

ಇದೆಲ್ಲ ಈಗಿನ ಹುಡುಗರ ಫ್ಯಾಶನ್ ಅಂತಲೂ ಬರೆದಿದ್ದೀರಿ. ಅಲ್ಲ ರೀ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1837ಕ್ಕೆ ಧಾರವಾಡದಲ್ಲಿದ್ದರು, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಆಗ ಕ್ರೈಸ್ತನಾದವನು ಜಾತಿಯ ಜೊತೆ ಕಸುಬು, ಮನೆ, ಆಸ್ತಿಯ ಪಾಲು ಎಲ್ಲ ಕಳೆದುಕೊಳ್ಳುತ್ತಿದ್ದ. ಧರ್ಮ ಬಿಟ್ಟ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಾನೂನೇ ತರಬೇಕಾಯಿತು. ಬರೀ ಪ್ರಾರ್ಥನೆ ಹೇಳಿಕೊಟ್ಟರೆ ಹೊಟ್ಟೆ ತುಂಬುತ್ತಾ? ಅದಕ್ಕೇ ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಅವರೇನು ದೇವತೆಗಳಲ್ಲ, ನಮ್ಮೂರ ದೇವರುಗಳನ್ನ ಹಳಿದದ್ದು ಸಾಕಷ್ಟಿದೆ. ಆದರೆ ದುಡಿಮೆಯೂ ದೇವರ ಕೆಲಸದ ಲೆಕ್ಕಕ್ಕೆ ಬರುತ್ತೆ ಅನ್ನೋದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಧಾರವಾಡದ ನಮಗೆ ಮಾತ್ರ ಮಿಷನ್ ಅಂದ ತಕ್ಷಣ ಕಿಟೆಲ್, 1894ರ ನಿಘಂಟು, ಒಂದು ಹಾರ, ಒಂದು ಭಾಷಣ. ಅಲ್ಲಿಗೆ ಮುಗಿಯಿತು.

ಜಾತಿ ಇಲ್ಲ ಅಂದಿರಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅತಿ ಹಿಂದುಳಿದವರ ಪ್ರವರ್ಗ-1ಕ್ಕೆ ಹಾಕಿದ್ದಾರೆ, ಉಳಿದ ಕ್ರೈಸ್ತರನ್ನ 3ಬಿಗೆ. ಧರ್ಮ ಬದಲಾದರೂ ಜಾತಿ ಹಿಂದೆಯೇ ಬಂತು ಅಂತ ಸರ್ಕಾರಿ ಕಾಗದವೇ ಹೇಳುತ್ತಿದೆ. ಆದರೆ ಅದೇ ಜನ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟರಲ್ಲ, ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ ಅಂದಿತ್ತು ಅದು. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದರು, ಇವರು ಹೊರಗೇ ಉಳಿದರು. ಅಂದರೆ ಕೇರಿಯಲ್ಲಿ ಅದೇ ಜಾತಿ, ಕಚೇರಿಯಲ್ಲಿ ಆ ಜಾತಿಯಲ್ಲ! ಇಂಥವರಿಗೆ ಅರ್ಜಿ ಬರೆದುಕೊಡೋರು ಬೇಡವಾ?

ನಿಮ್ಮ ಜಿಲ್ಲೆಯದೇ ಇನ್ನೊಂದು. 2010ರಲ್ಲಿ ಸವಣೂರಿನಲ್ಲಿ ಮಲ ಹೊರುವ ಭಂಗಿ ಸಮುದಾಯದವರು ಇದ್ದ ಮನೆ ಖಾಲಿ ಮಾಡಿಸುತ್ತಾರೆ ಅನ್ನೋ ಸಂಕಟಕ್ಕೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರಿಸಬಾರದು ಅಂತ ಕಾನೂನು ಆಗಿದ್ದು 1993ರಲ್ಲಿ. ಆ ಭಾನುವಾರ ನಿಮ್ಮ ಸಭೆಯಲ್ಲಿ ಅವರ ಹೆಸರಲ್ಲಿ ಪ್ರಾರ್ಥನೆ ಆಗಿತ್ತಾ? ಸುಮ್ನೆ ಕೇಳಿದೆ. ನಮ್ಮ ಪತ್ರಿಕೆಯಲ್ಲಿ ಆ ತಿಂಗಳು ಅದಕ್ಕೆ ಸಿಕ್ಕಿದ್ದು ಆರು ಸಾಲು, ಹದಿನಾಲ್ಕನೇ ಪುಟ, ಜಾಹೀರಾತಿನ ಕೆಳಗೆ.

ಹುಬ್ಬಳ್ಳಿಯ ಆ ಸಭೆಗೆ ನಾನು ಎರಡು ಸಲ ಹೋಗಿ ಕೂತಿದ್ದೆ. ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿ ಇದೆ. ಪಡಸಾಲೆಯ ಕೀಲಿ ಇರೋದು ಕಸದ ಗಾಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಹತ್ತಿರ. ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾಳೆ. ಕಾಣಿಕೆಯ ಲೆಕ್ಕದ ಪಟ್ಟಿಯೂ ಅವಳದೇ, ರಬ್ಬರ್ ಬ್ಯಾಂಡ್ ಸುತ್ತಿದ ಉದ್ದ ಪಟ್ಟಿ. ನಾನು ಹೋದ ದಿನ ಸಭಾಪಾಲಕರು ಮೈಕ್ ರಿಪೇರಿಗೆ ಮುನ್ನೂರು ರೂಪಾಯಿ ಕೇಳಿದರು. "ಹೋದ ತಿಂಗಳದ ಬಿಲ್ಲು ಕೊಡ್ರಿ ಮೊದ್ಲ, ಆಮ್ಯಾಲ ನೋಡೋಣು" ಅಂದಳು. ಪಾಪ, ಅವರು ಜೇಬು ತಡಕಾಡಿದರು. ಬಿಲ್ ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ. ಬಾಗಿಲಲ್ಲಿ ನಿಂತು ಬಾ ಅನ್ನೋದು ಸುಲಭ. ದುಡ್ಡಿನ ಪಟ್ಟಿ ಕೈಗೆ ಕೊಟ್ಟು ಎದುರಿಗೆ ನಿಂತುಕೊಳ್ಳೋದು ಇದೆಯಲ್ಲ, ಅದು ನಮ್ಮ ಮಠಗಳಲ್ಲೂ ಇಲ್ಲ, ಗುಡಿಯಲ್ಲೂ ಇಲ್ಲ, ನನ್ನ ಪತ್ರಿಕೆಯ ಆಫೀಸಿನಲ್ಲಂತೂ ಇಲ್ಲ. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರಿ ಸಂಘ ಕಟ್ಟಿ ತಮ್ಮ ಸಾಲದ ಲೆಕ್ಕ ತಾವೇ ಇಟ್ಟುಕೊಂಡರು ಅಂತ ಎದೆಯುಬ್ಬಿಸಿ ಹೇಳುತ್ತೇವೆ. ಅದೇ ನಾಡಿನಲ್ಲಿ ಸಮಾನತೆಯ ವಿಚಾರ ಸಂಕಿರಣ ಮುಗಿದ ಮೇಲೆ ಕುರ್ಚಿ ಮಡಚೋರು ಯಾರು, ಶಾಲು ಹೊದಿಸಿಕೊಳ್ಳೋರು ಯಾರು ಅಂತ ಒಂದ್ಸಲ ನೋಡಿ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಮಡಚೋ ಮನೆತನಗಳೂ ಬದಲಾಗಿಲ್ಲ, ಹೊದಿಸಿಕೊಳ್ಳೋ ಮನೆತನಗಳೂ ಬದಲಾಗಿಲ್ಲ.

ನಿಮ್ಮ ತಾಯಿ ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು, ಯಾರ ಗಾಯ ತೊಳೆಯೋಕೂ ಹೇಸಿದವರಲ್ಲ ಅಂತ ಕೊನೆಗೆ ಬರೆದಿದ್ದೀರಿ. ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದು. ಅವರ ಜೊತೆ ಪಾಳಿ ಮಾಡುತ್ತಿದ್ದ ಆಯಾಗಳ ಮಕ್ಕಳು ಈಗ ಎಲ್ಲಿದ್ದಾರೆ? ನಿಮ್ಮ ಸಭೆಯಲ್ಲೇ ಇದ್ದರೆ, ಕಮಿಟಿಯಲ್ಲಿ ಎಷ್ಟು ಜನ ಇದ್ದಾರೆ? ಇದಕ್ಕೆ ಉತ್ತರ ಬರೆದರೆ ಖಂಡಿತ ಹಾಕುತ್ತೇನೆ, ಆರು ಸಾಲಿಗೆ ಇಳಿಸೋದಿಲ್ಲ.

ಚಂದಾ ನಿಲ್ಲಿಸುತ್ತೇನೆ ಅಂದಿದ್ದೀರಿ. ಮಾರ್ಚ್‌ವರೆಗೆ ಕಟ್ಟಿದ್ದೀರಿ, ಅಲ್ಲಿವರೆಗೆ ಸಂಚಿಕೆ ಬರುತ್ತೆ.

— ಸಂ.