ಗಂಟಲಿನ ನರ ಎದೆಗಿಳಿದು ವಾಪಸ್ ಬರುವುದೇಕೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಅಮ್ಮನಿಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಅವತ್ತಿನಿಂದ ಧ್ವನಿ ಒಡೆದಿದೆ, ಫೋನಿನಲ್ಲಿ ಮಾತಾಡಿದರೆ ಅರ್ಧ ಗಾಳಿಯೇ ಕೇಳುತ್ತದೆ. ನರ ತುಂಡಾಗಿಲ್ಲ, ಎಳೆತಕ್ಕೆ ಸ್ವಲ್ಪ ಪೆಟ್ಟಾಗಿದೆ ಎಂದರು ಡಾಕ್ಟರು. ಆ ನರ ತಲೆಯಿಂದ ಎದೆಗೆ ಇಳಿದು ಮತ್ತೆ ಗಂಟಲಿಗೆ ಹತ್ತುತ್ತದೆ, ಜಿರಾಫೆಗೂ ಹೀಗೇ ಎಂದೂ ಹೇಳಿದರು. ಇದು ನಿಜವೇ ಮೇಡಂ? ನೆಟ್ಟಗೆ ಗಂಟಲಿಗೇ ಹೋಗಬಾರದಿತ್ತೇ?
– ಓದುಗರು, ದಾವಣಗೆರೆ

ಉತ್ತರ: ನಿಜ. ಪ್ರತಿವರ್ಷ ಮೊದಲ ವರ್ಷದ ಮೆಡಿಕಲ್ ಮಕ್ಕಳಿಗೆ ಈ ನರವನ್ನು ತೋರಿಸುತ್ತೇನೆ, ಪ್ರತಿವರ್ಷವೂ ಯಾರಾದರೂ ನಿಮ್ಮದೇ ಪ್ರಶ್ನೆ ಕೇಳುತ್ತಾರೆ.

ಇದರ ಹೆಸರು ರಿಕರೆಂಟ್ ಲ್ಯಾರಿಂಜಿಯಲ್ ನರ. ಮೆದುಳಿನ ಬುಡದಿಂದ ಹೊರಡುವ ವೇಗಸ್ ಎಂಬ ದೊಡ್ಡ ನರದ ಕವಲು. ಮಾತಾಡುವಾಗ ಧ್ವನಿತಂತುಗಳು ಹತ್ತಿರ ಬರಬೇಕು, ಉಸಿರೆಳೆಯುವಾಗ ದೂರ ಸರಿಯಬೇಕು, ಈ ಎರಡನ್ನೂ ಮಾಡಿಸುವುದು ಇದೇ. ಮೆದುಳಿನ ಬುಡದಿಂದ ಧ್ವನಿಪೆಟ್ಟಿಗೆಗೆ ಒಂದು ಗೇಣು ದೂರವೂ ಇಲ್ಲ. ಆದರೂ ಎಡಗಡೆಯ ನರ ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕೆಳಗೆ ನುಸುಳಿ, ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಸಂದಿನಲ್ಲಿ ಮತ್ತೆ ಮೇಲೆ ಹತ್ತಿ, ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಂತೆ ಹೋಗಿ ಗಂಟಲು ಸೇರುತ್ತದೆ. ಬಲಗಡೆಯದು ಅಷ್ಟು ಕೆಳಗೆ ಹೋಗುವುದಿಲ್ಲ, ಬಲಗೈಗೆ ರಕ್ತ ಒಯ್ಯುವ ನಾಳವನ್ನು ಕುತ್ತಿಗೆಯ ಬುಡದಲ್ಲೇ ಸುತ್ತಿಕೊಂಡು ತಿರುಗುತ್ತದೆ.

ರೋಮನ್ನರ ಕಾಲದ ವೈದ್ಯ ಗ್ಯಾಲೆನ್ 2ನೇ ಶತಮಾನದಲ್ಲೇ ಇದನ್ನು ಕಂಡಿದ್ದ. ಕಿರುಚುತ್ತಿದ್ದ ಹಂದಿಯ ಈ ನರ ಕತ್ತರಿಸಿದರೆ ಸದ್ದು ಥಟ್ಟನೆ ನಿಲ್ಲುತ್ತಿತ್ತು. ನರ ಹೀಗೆ ಸುತ್ತುವುದಕ್ಕೆ ಏನೋ ಉದ್ದೇಶ ಇರಲೇಬೇಕು ಎಂದುಕೊಂಡು ಅದನ್ನು ರಾಟೆಗೆ ಹೋಲಿಸಿದ. ಉದ್ದೇಶ ಹುಡುಕಿದ್ದೇ ತಪ್ಪಾಯಿತು. ಅಲ್ಲಿರುವುದು ಹಳೆಯ ಕಥೆ.

ಆ ಕಥೆ ಮೀನಿನಿಂದ ಶುರುವಾಗುತ್ತದೆ. ಮೀನಿಗೆ ಕುತ್ತಿಗೆ ಇಲ್ಲ, ಹೃದಯ ಕಿವಿರುಗಳ ಪಕ್ಕದಲ್ಲೇ ಇರುತ್ತದೆ. ಹೃದಯದಿಂದ ಒಂದೊಂದು ಕಿವಿರಿಗೂ ಒಂದೊಂದು ರಕ್ತನಾಳ, ಆ ನಾಳಗಳ ಹಿಂದಿನಿಂದ ವೇಗಸ್ ನರದ ಕವಲುಗಳು. ಅಲ್ಲಿ ಅದು ನೇರ ದಾರಿ, ಸುತ್ತೇನೂ ಇಲ್ಲ. ಮುಂದೆ ಕೋಟಿಗಟ್ಟಲೆ ವರ್ಷಗಳಲ್ಲಿ ನೆಲದ ಮೇಲಿನ ಪ್ರಾಣಿಗಳಿಗೆ ಕುತ್ತಿಗೆ ಬಂತು, ಹೃದಯ ಎದೆಗೆ ಇಳಿಯಿತು, ಹಳೆಯ ಕಿವಿರಿನ ಭಾಗಗಳಲ್ಲಿ ಕೆಲವು ಧ್ವನಿಪೆಟ್ಟಿಗೆಯಾದವು. ಒಂದು ಹಗ್ಗವನ್ನು ಬಿಂದಿಗೆಯ ಕುತ್ತಿಗೆಯ ಸುತ್ತ ಹಾಯಿಸಿ, ಎರಡೂ ತುದಿ ಕೈಯಲ್ಲೇ ಹಿಡಿದು ಬಾವಿಗೆ ಬಿಟ್ಟಂತೆ. ತುದಿಗಳೆರಡೂ ಮೇಲೆಯೇ ಇವೆ, ಬಿಂದಿಗೆ ಇಳಿದಷ್ಟೂ ಹಗ್ಗ ಉದ್ದವಾಗಬೇಕು. ಇಲ್ಲಿ ಬಿಂದಿಗೆ ಎಂದರೆ ಆ ರಕ್ತನಾಳ. ತಾಯಿಯ ಹೊಟ್ಟೆಯಲ್ಲಿ ನಾವೂ ಇದನ್ನೇ ದಾಟಿ ಬರುತ್ತೇವೆ: ನಾಲ್ಕು ವಾರದ ಭ್ರೂಣದಲ್ಲಿ ಹೃದಯ ಕುತ್ತಿಗೆಯ ಜಾಗದಲ್ಲೇ ಇರುತ್ತದೆ, ಆಮೇಲೆ ಕೆಳಗಿಳಿಯುತ್ತಾ ನರವನ್ನು ಜೊತೆಗೆ ಎಳೆದೊಯ್ಯುತ್ತದೆ.

ಮಧ್ಯೆ ಯಾವಾಗಲಾದರೂ ಬಿಡಿಸಿಕೊಂಡು ನೆಟ್ಟಗೆ ಆಗಬಹುದಿತ್ತಲ್ಲ? ಅದಕ್ಕೆ ಗಟ್ಟಿಯಾಗಿರುವ ರಕ್ತನಾಳದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನರ ಜಿಗಿಯಬೇಕು. ಅರ್ಧ ಜಿಗಿತ ಅನ್ನುವುದು ಇಲ್ಲ. ಸ್ವಲ್ಪ ಉದ್ದವಾಗುವುದು ಮಾತ್ರ ಯಾವ ತಲೆಮಾರಿನಲ್ಲೂ ಕಷ್ಟದ ಕೆಲಸ ಆಗಲಿಲ್ಲ. ವಿಕಾಸಕ್ಕೆ ಹಳೆಯದನ್ನು ಕೆಡವಿ ಹೊಸದು ಕಟ್ಟುವ ದಾರಿಯೇ ಇಲ್ಲ, ಬದುಕಿರುವ ಪ್ರಾಣಿಯಲ್ಲೇ ಅಷ್ಟಿಷ್ಟು ಬದಲಾಗಬೇಕು. ಹಾಗಾಗಿ ಜಿರಾಫೆಯಲ್ಲಿ ಧ್ವನಿಪೆಟ್ಟಿಗೆ ತಲೆಯ ಹತ್ತಿರವೇ ಇದ್ದರೂ ಎಡಗಡೆಯ ನರ ಆ ಇಡೀ ಕುತ್ತಿಗೆ ಇಳಿದು ಹತ್ತಿ 4 ಮೀಟರಿಗೂ ಜಾಸ್ತಿ ಆಗುತ್ತದೆ. ಉದ್ದ ಕುತ್ತಿಗೆಯ ಡೈನೊಸಾರ್ ಸೂಪರ್‌ಸಾರಸ್‌ಗೆ ಇದು 28 ಮೀಟರ್ ಇದ್ದಿರಬಹುದು ಎಂದು 2012ರಲ್ಲಿ ಲೆಕ್ಕ ಹಾಕಿದ್ದಾರೆ!

ಹೋಗುವ ದಾರಿಯಲ್ಲಿ ಈ ನರ ಶ್ವಾಸನಾಳಕ್ಕೂ ಅನ್ನನಾಳಕ್ಕೂ ಸಣ್ಣ ಕವಲು ಕೊಡುತ್ತದೆ, ಅದಕ್ಕೇ ಸುತ್ತು ಬೇಕು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನಕ್ಕೋ ಹುಟ್ಟಿನಿಂದಲೇ ಬಲಗೈಯ ಆ ರಕ್ತನಾಳ ಬೇರೆ ಜಾಗದಿಂದ ಹೊರಟಿರುತ್ತದೆ. ಸುತ್ತಿಕೊಳ್ಳಲು ನಾಳವೇ ಇಲ್ಲ, ಹಾಗಾಗಿ ಬಲಗಡೆಯ ನರ ನೆಟ್ಟಗೆ ಗಂಟಲಿಗೆ ಹೋಗುತ್ತದೆ. ಅವರು ಎಲ್ಲರ ಹಾಗೆಯೇ ಮಾತಾಡುತ್ತಾರೆ, ಊಟ ಮಾಡುತ್ತಾರೆ. ಎಳೆದದ್ದು ನಾಳವೇ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೆ ಅಮ್ಮನ ನರ ನೆಟ್ಟಗಿದ್ದಿದ್ದರೆ ಚೆನ್ನಾಗಿತ್ತು ಎಂದು ಕೊರಗಬೇಡಿ. ಸರ್ಜನ್ನರು ಹುಡುಕುವ ಜಾಗದಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ಅಂಥವರಲ್ಲಿ ಪೆಟ್ಟಾಗುವ ಭಯ ಇನ್ನೂ ಜಾಸ್ತಿ.

ಈ ಸುತ್ತಿನ ಕಷ್ಟ ಥೈರಾಯ್ಡ್‌ಗೆ ಮುಗಿಯುವುದಿಲ್ಲ. ಹೃದಯದ ಕವಾಟ ಕಿರಿದಾಗಿ ಎಡ ಮೇಲ್ಕೋಣೆ ಊದಿಕೊಂಡವರಲ್ಲಿ ಎಡ ನರ ಅದುಮಿಕೊಂಡು ಧ್ವನಿ ಕೂರುವುದುಂಟು, 1897ರಲ್ಲೇ ಆರ್ಟ್ನರ್ ಎಂಬ ವೈದ್ಯರು ಇದನ್ನು ವಿವರಿಸಿದ್ದಾರೆ. ಎದೆಯೊಳಗಿನ ಗೆಡ್ಡೆಯೂ ಹೀಗೆ ಮಾಡಬಹುದು. ಆದ್ದರಿಂದ ಶೀತ ಕೆಮ್ಮು ಏನೂ ಇಲ್ಲದೆ ಯಾರದೇ ಧ್ವನಿ ಮೂರು ವಾರ ಒಡೆದೇ ಇದ್ದರೆ ಸುಮ್ನೆ ಬಿಸಿನೀರು ಮುಕ್ಕಳಿಸುತ್ತಾ ಕೂರಬೇಡಿ, ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ.

ನಿಮ್ಮ ಅಮ್ಮನ ವಿಷಯ. ತುಂಡಾಗದ ನರ ಹೆಚ್ಚಿನವರಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎರಡು ತಿಂಗಳು ಆಗಿರುವುದರಿಂದ ಒಮ್ಮೆ ಕ್ಯಾಮೆರಾ ಹಾಕಿ ಧ್ವನಿತಂತು ನೋಡಿಸಿ, ವಾಕ್ ಚಿಕಿತ್ಸಕರ ಹತ್ತಿರ ಧ್ವನಿಯ ವ್ಯಾಯಾಮ ಶುರು ಮಾಡಿಸಿ. ಗಂಟಲು ಒತ್ತಿ ಜೋರಾಗಿ ಮಾತಾಡುವುದು ಸದ್ಯಕ್ಕೆ ಬೇಡ. ನೀರು ಕುಡಿಯುವಾಗ ನೆತ್ತಿಗೆ ಹತ್ತುತ್ತಿದ್ದರೆ ಅಥವಾ ಉಸಿರಾಡುವಾಗ ಸದ್ದು ಬರುತ್ತಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.